ಭ್ರೂಣಕೋಶಗಳ ಅಂಟಿಕೆಯೂ ಪೊರೆಯ ಚಾಚುಗಳೂ

ಇಲಿಯ ಭ್ರೂಣವು ಎಂಟು ಕೋಶಗಳಾಗುವವರೆಗೆ ದ್ರಾಕ್ಷಿಯ ಗೊಂಚಲಿನಂತಿರುವುದು. ಪ್ರತಿಯೊಂದು ಕೋಶವೂ ದುಂಡಗೆ, ಬಿಡಿಯಾಗಿ ಕಾಣುವುದು. ಅನಂತರ ಕೆಲವೇ ಗಂಟೆಗಳಲ್ಲಿ ಕೋಶಗಳು ಪರಸ್ಪರ ಒತ್ತಿಕೊಂಡು, ನಡುವಣ ಎಲ್ಲೆ ಗುರುತು ಸಿಕ್ಕದಂತಾಗಿ, ಎಲ್ಲವೂ ಸೇರಿ ಒಂದು ಉಂಡೆಯಾಗುವುದು. ಅವುಗಳನ್ನು ಹೀಗೆ ಒತ್ತರಿಸುವ ಬಲ ಯಾವುದೆಂಬುದೇ ಪ್ರಕೃತ ವಿಚಾರ.

ಅಂಟಿನ ವಸ್ತು ತಿಳಿಯದ್ದೇನಲ್ಲ. ಜಪಾನಿನ ಮಸಾತೋಶಿ ತಾಕೇಚಿಯವರು 1984ರಲ್ಲಿ ಕ್ಯಾಡ್ಹೆರಿನ್ ಎಂದು ಹೆಸರಿಟ್ಟ ಪ್ರೋಟೀನು ಕೋಶಪೊರೆಯನ್ನು ಹಾದುನಿಂತು, ನೆರೆಕೋಶದಲ್ಲಿರುವ ತನ್ನಂಥ ಅಣುವನ್ನೇ ಹಿಡಿಯುತ್ತದೆ. ಇದಕ್ಕೆ ಕ್ಯಾಲ್ಸಿಯಂ ಅವಶ್ಯ; ಸುತ್ತಣ ದ್ರವದಿಂದ ಅದನ್ನು ತೆಗೆದರೆ ಉಂಡೆಯು ಮರಳಿ ಗೊಂಚಲಾಗುವುದು. ಆದರೆ ಅಂಟು ಬೇರೆ, ಎಳೆಯುವ ಬಲ ಬೇರೆ.

ಕೋಶಗಳು ಕೈಚಾಚಿ ಎಳೆಯಬಲ್ಲವೆಂಬ ಅಭಿಪ್ರಾಯ ಹೊಸದಲ್ಲ. 1960ರ ದಶಕದ ಆರಂಭದಲ್ಲಿ ಗುಸ್ಟಾಫ್ಸನ್ ಮತ್ತು ವೋಲ್ಪರ್ಟ್ ಅವರು ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಭ್ರೂಣವನ್ನು ಚಲನಚಿತ್ರದಲ್ಲಿ ಹಿಡಿದು, ಕೋಶಗಳಿಂದ ಹೊರಟ ನೂಲಿನಂಥ ಚಾಚುಗಳು ಎದುರಿನ ಗೋಡೆಯನ್ನು ತಡಕುವುದನ್ನು ತೋರಿಸಿದರು. ಇಲಿಯ ಭ್ರೂಣದಲ್ಲಿಯೂ ಅಂಥ ಚಾಚುಗಳಿರುವುದನ್ನು 2013ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾನಿಲಯದ ಪ್ಲಾಚ್ಟಾ ಮತ್ತು ಸಂಗಡಿಗರು ವರದಿಮಾಡಿದರು. ಒಂದು ಕೋಶದ ಚಾಚು ನೆರೆಕೋಶದ ಹೊರಮೈಯನ್ನು ಏರಿ ಹಿಡಿಯುತ್ತದೆ. ಅದರಲ್ಲಿ ಕ್ಯಾಡ್ಹೆರಿನ್ ಇದೆ, ಒಳಗೆ ಆಕ್ಟಿನ್ ಎಳೆಗಳಿವೆ. ಕೋಶವು ವಿಭಜಿಸುವ ಸಮಯದಲ್ಲಿ ಅದು ಹಿಂದೆಗೆದುಕೊಳ್ಳುತ್ತದೆ.

ಎರಡು ಸಂಗತಿಗಳು ಒಂದೇ ಕಾಲದಲ್ಲಿ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದೆಂದು ಚರಿತ್ರೆಯ ಅಧ್ಯಾಪಕರಾದ ನಾವು ತರಗತಿಯಲ್ಲಿ ಪದೇ ಪದೇ ಹೇಳುವುದುಂಟು. ಘಟನೆಯಿಂದ ಒಂದಂಶವನ್ನು ಕಿತ್ತು ನೋಡುವ ಸೌಕರ್ಯ ನಮಗಿಲ್ಲ, ಅವರಿಗಿದೆ. ಚಾಚುಗಳನ್ನು ಲೇಸರ್ ಕಿರಣದಿಂದ ಕತ್ತರಿಸಿದಾಗ ಚಪ್ಪಟೆಯಾಗಿದ್ದ ಕೋಶವು ಪುನಃ ದುಂಡಗಾಯಿತು.

ಇಷ್ಟಕ್ಕೆ ವಿವಾದ ಮುಗಿಯಲಿಲ್ಲ. 2015ರಲ್ಲಿ ಮೇತ್ರ್, ಹಿರಾಗಿ ಮೊದಲಾದವರು ಸೂಕ್ಷ್ಮನಳಿಕೆಯಿಂದ ಕೋಶದ ಮೈಯನ್ನು ಮೆಲ್ಲನೆ ಹೀರಿ ಅದರ ಬಿಗಿತವನ್ನು ಅಳೆದರು. ಹೊರಮೈಯ ಬಿಗಿತ ಹೆಚ್ಚುತ್ತಿತ್ತು. ಕೋಶಗಳು ಕೂಡುವೆಡೆಯಲ್ಲಿ ಕ್ಯಾಡ್ಹೆರಿನ್ ಸಂಕೋಚನವನ್ನು ಸಡಿಲಿಸುತ್ತಿತ್ತು. ಒಂಟಿಯಾಗಿ ಬೇರ್ಪಡಿಸಿದ ಕೋಶವೂ ಮಿಡಿಯುತ್ತಿದ್ದುದರಿಂದ, ನೆರೆಕೋಶವನ್ನು ಹಿಡಿದೆಳೆಯುವ ಕೈಯಿಲ್ಲದೆಯೇ ಈ ಬಲ ಹುಟ್ಟಬಲ್ಲುದೆಂದಾಯಿತು. 2024ರಲ್ಲಿ ಮಾನವಭ್ರೂಣದ ಅಧ್ಯಯನವೂ ಹೊರಮೈಯ ಬಿಗಿತವನ್ನೇ ಮುಖ್ಯ ಕಾರಣವೆಂದಿತು. ಪ್ರಯೋಗಾಲಯದಲ್ಲಿ ಫಲಿತಗೊಳಿಸಿದ ಭ್ರೂಣಗಳಲ್ಲಿ ಕೆಲವು ಸರಿಯಾಗಿ ಒತ್ತರಿಸಿಕೊಳ್ಳದೆ ಹೋಗುವುದರಿಂದ ಇದು ಕೇವಲ ಪಂಡಿತರ ಜಗಳವಲ್ಲ.

ನನಗೆ ಬಿಗಿತದ ವಾದವೇ ಹೆಚ್ಚು ಸಮರ್ಥವೆಂದು ತೋರುತ್ತದೆ. ಆದರೂ ಲೇಸರಿನ ಪ್ರಯೋಗವನ್ನು ತಳ್ಳಿಹಾಕಲಾಗದು. ಆ ಕೋಶ ದುಂಡಗಾದುದು ಚಾಚು ತುಂಡಾದುದರಿಂದಲೇ, ಅಥವಾ ಕಿರಣ ತಗುಲಿದ ಪೊರೆಯ ಬಿಗಿತವೇ ಬದಲಾದುದರಿಂದಲೇ ಎಂಬುದನ್ನು ಬೇರ್ಪಡಿಸಬೇಕಾದರೆ, ಕತ್ತರಿಸಿದ ಕ್ಷಣದಲ್ಲಿಯೇ ಬಿಗಿತವನ್ನೂ ಅಳೆಯಬೇಕು.