ಮನೆಯ ಹೂಳು ತೆಗೆಯುವ ಕಾಯಕ

ಗದಗ ಜಿಲ್ಲೆಯ ಗಜೇಂದ್ರಗಡ ತಾಲೂಕಿನಲ್ಲಿರುವ, ಹಿಂದೆ ರೋಣ ತಾಲೂಕಿಗೆ ಸೇರಿದ್ದ ಸೂಡಿಗೆ ಹೋದವರು ಜೋಡು ಕಲಶದ ಗುಡಿಯನ್ನೂ ನಾಗಕುಂಡವನ್ನೂ ನೋಡದೆ ಹಿಂದಿರುಗುವುದಿಲ್ಲ. 11ನೆಯ ಶತಮಾನದಲ್ಲಿ ಚಾಲುಕ್ಯರ ಮನೆಮಗಳಾದ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಾಗ ಇದು ಪ್ರಮುಖ ಆಡಳಿತ ಸ್ಥಾನವಾಗಿತ್ತು. ಆಕೆಯ ಪೆಟ್ಟಿಗೆಗಳಲ್ಲಿದ್ದ ಪಟ್ಟೆ ಪೀತಾಂಬರಗಳು ಮಣ್ಣಾದವು. ಅಂದು ಕೊಟ್ಟ ದತ್ತಿಗಳು ಮಾತ್ರ ಶಾಸನಗಳಲ್ಲಿ ಅಕ್ಷರವಾಗಿ ನಿಂತಿವೆ.

ಕಳೆದ ಮಹಾನವಮಿಗೆ ಮುಂಚೆ ನಾವು ಆ ಊರಿನ ಭಕ್ತರೊಬ್ಬರ ಮನೆಗೆ ಹೋಗಿದ್ದೆವು. ಮನೆಯ ಹಿರಿಯ ತಾಯಿ ಎಂಬತ್ತು ದಾಟಿದವರು. ರಾತ್ರಿ ಬಚ್ಚಲಿಗೆ ಹೋಗುವಾಗ ಪಡಸಾಲೆಯಲ್ಲಿ ಒಟ್ಟಿದ್ದ ಗಂಟುಮೂಟೆಗಳಿಗೆ ಎಡವಿ ಬಿದ್ದು, ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದರು. ಬಚ್ಚಲಿನ ಪಕ್ಕದ ಕೋಣೆಯನ್ನು ತೆರವು ಮಾಡಿ ಅವರಿಗೆ ಕೊಡಬೇಕೆಂದು ಮಗ ಸೊಸೆಯರು ನಿಶ್ಚಯಿಸಿದ್ದರು. ಆದರೆ ಮೂರು ದಿನಗಳಾದರೂ ಕೋಣೆ ತೆರವಾಗಿರಲಿಲ್ಲ.

“ಅಜ್ಜಾರ, ಮೂರು ದಿನದಿಂದ ತೆಗೀತೀವಿ, ಮತ್ತ ಒಳಗ ಇಡ್ತೀವಿ. ಒಂದೂ ಸಾಮಾನು ಹೊಸ್ತಿಲು ದಾಟವಲ್ದು” ಎಂದು ಸೊಸೆ ಸೋತ ದನಿಯಲ್ಲಿ ಹೇಳಿದರು.

ನಾವು ಒಳಗೆ ಇಣುಕಿದೆವು. ಮೂರು ಮದುವೆಗಳ ಆಯೇರಿಯಲ್ಲಿ ಬಂದ, ಹೆಸರು ಕೊರೆಸಿದ ಸ್ಟೀಲ್ ಪಾತ್ರೆಗಳು. ಉಡಿ ತುಂಬುವಾಗ ಬಂದು, ಮುಂದಿನ ಉಡಿಗಾಗಿ ಕಾದಿದ್ದ ಖಣಗಳ ಗಂಟು. ಮುರಿದ ಕುರ್ಚಿ, ಹಾಡದ ರೇಡಿಯೊ, ಹತ್ತಾರು ಕೌದಿ. ಇವುಗಳಲ್ಲಿ ದುರಾಸೆಯಿಂದ ಕೂಡಿಟ್ಟದ್ದು ಒಂದೂ ಇರಲಿಲ್ಲ. ಕೊಟ್ಟವರ ಪ್ರೀತಿಗೆ ಅಪಚಾರವಾದೀತೆಂಬ ಅಳುಕು, ಮುಂದೆಂದಾದರೂ ಬೇಕಾದೀತೆಂಬ ಭಯ, ಅಗಲಿದವರ ನೆನಪು, ಈ ಮೂರೂ ಸೇರಿ ಆ ಕೋಣೆಯನ್ನು ತುಂಬಿದ್ದವು. ನಮ್ಮ ಬಹುತೇಕ ಮನೆಗಳ ಸ್ಥಿತಿಯೂ ಇದೇ ಅಲ್ಲವೆ?

ಆಗ ನಮಗೆ ನೆನಪಾದವರು ಆಯ್ದಕ್ಕಿ ಲಕ್ಕಮ್ಮನವರು. 12ನೆಯ ಶತಮಾನದ ಕಲ್ಯಾಣದಲ್ಲಿ ಪತಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಅದರಿಂದಲೇ ದಾಸೋಹ ನಡೆಯುತ್ತಿತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿದರು. ಶೂನ್ಯಸಂಪಾದನೆಯು ಈ ದಂಪತಿಗಳಿಗೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟಿದೆ. ಇಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಲಕ್ಕಮ್ಮನವರು ಅಕ್ಕಿಯನ್ನು ತಡೆದದ್ದು ಹೊಸ್ತಿಲಲ್ಲಿ. ಕಣಜ ತುಂಬಿದ ಮೇಲೆ ಅಲ್ಲ. ಒಳಬಂದುದನ್ನು ಹೊರಹಾಕುವುದಕ್ಕಿಂತ ಬರುವುದನ್ನು ಬಾಗಿಲಲ್ಲೇ ನಿಲ್ಲಿಸುವುದು ಸುಲಭ.

ಜಪಾನಿನ ಮರಿಯೆ ಕೊಂಡೊ ಎಂಬ ಮಹಿಳೆ ಮನೆಯ ಓರಣದ ಬಗೆಗೆ ಬರೆದ ಪುಸ್ತಕ ಜಗತ್ತಿನಾದ್ಯಂತ ಓದಲ್ಪಟ್ಟಿತು. ವಸ್ತುವನ್ನು ಕೈಯಲ್ಲಿ ಹಿಡಿದು, ಇದು ಮನಸ್ಸಿಗೆ ಸಂತೋಷ ಕೊಡುತ್ತದೆಯೆ ಎಂದು ಕೇಳಿಕೊಳ್ಳಬೇಕೆಂಬುದು ಆಕೆಯ ಮಾತು. ಒಳ್ಳೆಯ ಮಾತೇ ಸರಿ. ಆದರೆ ಶರಣರ ದಾರಿಯಲ್ಲಿ ನಡೆಯುವವರಿಗೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಇದು ನನ್ನ ಇಂದಿನ ಕಾಯಕಕ್ಕೆ ಬೇಕೆ? ಬೇಡವಾದರೆ ಯಾರ ದಾಸೋಹಕ್ಕೆ ಸಲ್ಲಬೇಕು? ಈ ಎರಡನೆಯ ಪ್ರಶ್ನೆಗೆ ಉತ್ತರ ದೊರೆಯದಿದ್ದುದರಿಂದಲೇ ಆ ಮನೆಯ ಕೆಲಸ ನಿಂತಿತ್ತು. ಹೋಗುವ ಠಾವು ತಿಳಿಯದ ವಸ್ತು ಮತ್ತೆ ಕೋಣೆಗೇ ಮರಳುತ್ತದೆ.

ನಾವು ಆ ತಾಯಿಯನ್ನು ಕಂಬಕ್ಕೆ ಒರಗಿಸಿ ಕೂರಿಸಿ ಕೇಳಿದೆವು: “ತಾಯಿ, ಈ ದೊಡ್ಡ ಪಾತೇಲಿಗಳಲ್ಲಿ ಈಗ ಯಾರಿಗೆ ಅಡಿಗೆ ಮಾಡುತ್ತೀರಿ?” ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಅವರಿದ್ದಾಗ ಶ್ರಾವಣದಾಗ ಓಣಿಗೆಲ್ಲ ಪ್ರಸಾದ ಮಾಡ್ತಿದ್ವಿರಿ. ಮಠಕ್ಕ ಹೋಗಲಿ. ಅಲ್ಲಾದರ ಒಲಿ ಕಾಣ್ತಾವು” ಎಂದರು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ನಡುಕವಿರಲಿಲ್ಲ. ಅವರಾಗಿಯೇ ಹೇಳುವವರೆಗೆ ಕಾದದ್ದು ಒಳ್ಳೆಯದಾಯಿತು. ಹಿರಿಯರ ವಸ್ತುವನ್ನು ಅವರ ಬೆನ್ನ ಹಿಂದೆ ಸಾಗಿಸುವುದು ಸರಳತೆಯಲ್ಲ, ಕಳವು.

ಅಂದು ಪಾತ್ರೆಗಳು ಹೋದವು. ಗಟ್ಟಿಯಿದ್ದ ಕೌದಿಗಳನ್ನು ಒಗೆದು, ಒಣಗಿಸಿ, ಬೇಕೆಂದವರಿಗೆ ಕೊಡಲು ಎತ್ತಿಟ್ಟರು. ಹರಿದವನ್ನು ಬೇರೆ ಮಾಡಿದರು. ತಾನು ಹೊದೆಯಲಾರದ್ದನ್ನು ಇನ್ನೊಬ್ಬರಿಗೆ ಹೊದಿಸುವುದು ದಾಸೋಹವೆನಿಸದು. ಪತಿಯು ಪೂಜೆಗೆ ಬಳಸುತ್ತಿದ್ದ ಹಿತ್ತಾಳೆಯ ಗಿಂಡಿಯನ್ನು ಮಾತ್ರ ತಾಯಿ ತಮ್ಮಲ್ಲಿಯೇ ಉಳಿಸಿಕೊಂಡರು. ನೆನಪಿಗೆ ಒಂದು ಗಿಂಡಿ ಸಾಕು, ಕೋಣೆ ಬೇಡ.

ಇಂತಹ ಕೆಲಸದಲ್ಲಿ ಉತ್ಸಾಹ ಕುಗ್ಗುವುದು ಸಹಜ. ಒಂದೇ ದಿನದಲ್ಲಿ ಇಡೀ ಮನೆಯನ್ನು ಕೆಡವಿಕೊಂಡವರು ಸಂಜೆಗೆ ದಣಿದು ಎಲ್ಲವನ್ನೂ ಒಳಗೆ ತಳ್ಳುತ್ತಾರೆ. ಆದುದರಿಂದ ನಿತ್ಯ ಪೂಜೆ ಮುಗಿದ ಮೇಲೆ ಒಂದು ಗೂಡು, ಒಂದು ನಾಗಂದಿಗೆ, ಒಂದು ಪೆಟ್ಟಿಗೆ, ಇಷ್ಟನ್ನೇ ಹಿಡಿಯಬೇಕು. ತೆಗೆದುದನ್ನು ಅಂದೇ ಸಲ್ಲುವಲ್ಲಿಗೆ ಸಲ್ಲಿಸಬೇಕು. ಬಾವಿಯ ಹೂಳನ್ನೂ ಬುಟ್ಟಿ ಬುಟ್ಟಿಯಾಗಿಯೇ ಎತ್ತುವುದು. ಎತ್ತಿದ್ದನ್ನು ದಡದಲ್ಲೇ ಬಿಟ್ಟರೆ ಮೊದಲ ಮಳೆಗೆ ಅದು ಮತ್ತೆ ಒಳಗಿಳಿಯುತ್ತದೆ. ಮದುವೆ ಕರೆಯೋಲೆಯಲ್ಲಿ ಆಯೇರಿ ಬೇಡವೆಂದು ಅಚ್ಚು ಹಾಕಿಸುವ ಮನೆಗಳು ಈಗ ಅಲ್ಲಲ್ಲಿ ಕಾಣುತ್ತಿವೆ. ಅದು ಲಕ್ಕಮ್ಮನವರ ಹೊಸ್ತಿಲನ್ನು ನೆನಪಿಸುವ ನಡೆ.

ಬನ್ನಿ ಹಬ್ಬದ ಮರುದಿನ ನಾವು ಮತ್ತೆ ಆ ಮನೆಗೆ ಹೋದೆವು. ಅಟ್ಟ ಇನ್ನೂ ಅರ್ಧ ತುಂಬಿಯೇ ಇತ್ತು. ಖಣಗಳ ಗಂಟೂ ಅಲ್ಲಿಯೇ ಇತ್ತು. ಆದರೆ ಬಚ್ಚಲಿನ ಪಕ್ಕದ ಕೋಣೆಯಲ್ಲಿ ಒಂದು ಮಂಚ, ಒಂದು ಕೌದಿ, ಗೂಡಿನಲ್ಲಿ ಆ ಗಿಂಡಿ. ತಾಯಿ ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ನಡೆದು ಬಂದು ನಮ್ಮನ್ನು ಎದುರುಗೊಂಡರು.

ಸದ್ಭಕ್ತರ ಮನೆಗಳಲ್ಲಿ ಹಿರಿಯರು ಹೀಗೆ ನಿರಾತಂಕವಾಗಿ ನಡೆದಾಡುವಷ್ಟು ಇಂಬು ಸದಾ ಇರಲೆಂದು ಹಾರೈಸುತ್ತೇವೆ.