ಮನೆಯಲ್ಲೇ ಫಿಸಿಯೋಥೆರಪಿ: ಕುಟುಂಬದವರ ಗಮನಕ್ಕೆ

ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ನಾವು ಮತ್ತೆ ಮತ್ತೆ ಓದುವ ಮಾತೊಂದಿದೆ: ತಂದೆಗೆ ಪಾರ್ಶ್ವವಾಯು, ಆರೈಕೆಗಾಗಿ ಮಗಳು ಕಾಲೇಜು ಬಿಟ್ಟಿದ್ದಾಳೆ.

ಪಾರ್ಶ್ವವಾಯುವಾದ ಮೊದಲ 3 ತಿಂಗಳಲ್ಲಿ ಚೇತರಿಕೆ ಸಾಮಾನ್ಯವಾಗಿ ವೇಗವಾಗಿರುತ್ತದೆ. ಆದರೆ ಆಟೋ ಬಾಡಿಗೆ, ಜೊತೆಗೆ ಹೋಗುವವರ ದಿನಗೂಲಿ ಎಂದು ಎಷ್ಟೋ ಮನೆಗಳಲ್ಲಿ ಆ ದಿನಗಳಲ್ಲೇ ಚಿಕಿತ್ಸೆ ನಿಂತುಹೋಗುತ್ತದೆ. ಫಿಸಿಯೋಥೆರಪಿಸ್ಟ್ ಮನೆಗೇ ಬಂದರೆ ಈ ಖರ್ಚು ಉಳಿಯುತ್ತದೆ. ರೋಗಿಯು ತಮ್ಮದೇ ಮಂಚದಿಂದ ಏಳಲು, ತಮ್ಮದೇ ಬಚ್ಚಲಿಗೆ ನಡೆಯಲು, ನಮಾಝ್‌ಗೆ ಕುರ್ಚಿಯಲ್ಲಿ ಕೂರಲು ಕಲಿಯುತ್ತಾರೆ.

ಅವರು ಮನೆಯಲ್ಲಿರುವುದು ಹೆಚ್ಚೆಂದರೆ ಒಂದು ಗಂಟೆ. ಉಳಿದ ಹೊತ್ತಿನ ಅಭ್ಯಾಸ ಮನೆಯವರದು. ಆದ್ದರಿಂದ ಮೊದಲ ದಿನವೇ ಕೇಳಿ ಕಲಿಯಿರಿ:

• ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಬೇಡಿ. ಭುಜದ ಕೀಲು ಜಾರಬಹುದು.
• ತಾವಾಗಿ ಹೊರಳಲಾಗದವರ ಮಗ್ಗುಲನ್ನು 2 ಗಂಟೆಗೊಮ್ಮೆ ಬದಲಿಸಿ. ಇಲ್ಲವಾದರೆ ಬೆನ್ನಲ್ಲಿ ಹುಣ್ಣಾಗುತ್ತದೆ.
• ಎಣ್ಣೆ ತಿಕ್ಕಿದ ಮಾತ್ರಕ್ಕೆ ಬಲ ಬಾರದು. ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಿಸಿ.
• ಎದೆನೋವು, ಉಬ್ಬಸ ಅಥವಾ ಒಂದೇ ಕಾಲಿನಲ್ಲಿ ಬಾವು ಕಂಡರೆ ವ್ಯಾಯಾಮ ನಿಲ್ಲಿಸಿ, ಕೂಡಲೇ ವೈದ್ಯರ ಬಳಿ ಹೋಗಿ.

ಈ ಕೆಲಸವನ್ನು ಮನೆಯವರೆಲ್ಲರೂ, ಗಂಡುಮಕ್ಕಳೂ ಹಂಚಿಕೊಳ್ಳಿ. ಇಂಥ ಪರಿಸ್ಥಿತಿಯಿದ್ದರೆ ಅರ್ಜಿಯಲ್ಲಿ ಸಂಕೋಚವಿಲ್ಲದೆ ಬರೆಯಿರಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯ ಪ್ರತಿ ಲಗತ್ತಿಸಿ. ದಾನಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಶುಲ್ಕದ ಜೊತೆಗೆ ಈ ಖರ್ಚನ್ನೂ ನೆನಪಿಡಿ. ತಂದೆ ಗೋಡೆ ಹಿಡಿದು ನಡೆಯುವಂತಾದರೆ ಮಗಳು ಮತ್ತೆ ಕಾಲೇಜಿಗೆ ಹೋಗಬಲ್ಲಳು.