ಹಳೆಯ ಪಿಕಪ್ ವಾಹನದ ಮೂಲ ಎಂಜಿನ್ ಗುರುತಿಸುವಿಕೆ

ಕಾರ್ಖಾನೆಯಿಂದ ಹೊರಬರುವಾಗ ವಾಹನದಲ್ಲಿ ಜೋಡಿಸಲಾಗಿದ್ದ ಎಂಜಿನ್ನನ್ನು ಆ ವಾಹನದ ಮೂಲ ಎಂಜಿನ್ ಎನ್ನಲಾಗುತ್ತದೆ. ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲೂಕಿನ ಕೊಕ್ಕರ್ಣೆಯಂತಹ ಗ್ರಾಮೀಣ ಪ್ರದೇಶಗಳಲ್ಲಿ ತೆಂಗಿನಕಾಯಿ, ಅಡಿಕೆ, ಕೆಂಪುಕಲ್ಲು ಸಾಗಿಸುವ ಹಳೆಯ ಪಿಕಪ್‌ಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಎಂಜಿನ್ ಸಂಖ್ಯೆಯು ನೋಂದಣಿ ಪ್ರಮಾಣಪತ್ರದೊಂದಿಗೆ (ಆರ್.ಸಿ.) ತಾಳೆಯಾಗದಿದ್ದರೆ ಅರ್ಹತಾ ಪತ್ರ, ಹೆಸರು ವರ್ಗಾವಣೆ, ವಿಮಾ ಪರಿಹಾರ ಇವೆಲ್ಲಕ್ಕೂ ತೊಡಕುಂಟಾಗಬಹುದು. ಕಳವಿನ ಮಾಲೆಂಬ ಸಂಶಯಕ್ಕೂ ಅದು ಎಡೆಮಾಡಿಕೊಡುತ್ತದೆ.

ಸಂಖ್ಯೆಯ ಪರಿಶೀಲನೆ

ಎಂಜಿನ್ನಿನ ಬ್ಲಾಕ್ ಮೇಲೆ ಎರಡು ಬಗೆಯ ಸಂಖ್ಯೆಗಳು ಕಾಣಸಿಗುತ್ತವೆ. ಉಬ್ಬಿದ ಅಂಕೆಗಳು ಎರಕದ ಅಚ್ಚಿನವು. ಒಂದೇ ಅಚ್ಚಿನ ಎಲ್ಲ ಬ್ಲಾಕ್‌ಗಳಲ್ಲೂ ಅವು ಇರುವುದರಿಂದ ನಿರ್ದಿಷ್ಟ ವಾಹನದ ಗುರುತಿಗೆ ಬಾರವು. ಸಮತಟ್ಟು ಮಾಡಿದ ಜಾಗದಲ್ಲಿ ಒಳಕ್ಕೆ ಅಚ್ಚೊತ್ತಿದ ಸಂಖ್ಯೆಯೇ ಎಂಜಿನ್ ಸಂಖ್ಯೆ. ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದೇ ಈ ವಿಷಯದಲ್ಲಿ ಸಾಮಾನ್ಯ ತಪ್ಪು. ಸಿಲಿಂಡರ್ ಹೆಡ್, ಮೇಲಿನ ಮುಚ್ಚಳ, ಬಣ್ಣ ಇವು ಬದಲಾಗುವಂಥವು, ಆಧಾರವಾಗಲಾರವು.

ಕರಾವಳಿಯ ಮಳೆ ಮತ್ತು ಉಪ್ಪುಗಾಳಿಯಿಂದ ಅಂಕೆಗಳ ಮೇಲೆ ತುಕ್ಕು ಹಿಡಿದಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ಉಜ್ಜಿದರೆ ಅಂಕೆಗಳು ಎದ್ದು ಕಾಣುತ್ತವೆ. ಅರದಿಂದ ಉಜ್ಜಬಾರದು, ಉಜ್ಜಿದ ಗೀರು ಮತ್ತು ಸೊಟ್ಟಗಿನ ಅಂಕೆಗಳು ಸಂಖ್ಯೆಯನ್ನು ತಿದ್ದಿದ ಲಕ್ಷಣಗಳೆಂದೇ ಪರಿಗಣಿತವಾಗುತ್ತವೆ.

ಮಾದರಿಯ ಪರಿಶೀಲನೆ

ಸಂಖ್ಯೆ ಅಳಿಸಿಹೋಗಿದ್ದರೆ ಎಂಜಿನ್ನಿನ ಮಾದರಿಯನ್ನಾದರೂ ಆರ್.ಸಿ.ಯ ಇಂಧನ ಹಾಗೂ ಘನ ಸಾಮರ್ಥ್ಯದ ನಮೂದುಗಳೊಂದಿಗೆ ಹೋಲಿಸಬಹುದು. ಇದರಲ್ಲಿ ಮಾದರಿಯ ಹೆಸರೇ ನೆರವಾಗುತ್ತದೆ. ಟಾಟಾದ 483 ಎಂದರೆ 4 ಸಿಲಿಂಡರ್, 83 ಮಿ.ಮೀ. ವ್ಯಾಸ, ಸಾಮರ್ಥ್ಯ 1948 ಸಿಸಿ. 207 ಡಿಐ ಪಿಕಪ್‌ನ 497 ಎಂಜಿನ್ನಿನ ವ್ಯಾಸ 97 ಮಿ.ಮೀ., ಸಾಮರ್ಥ್ಯ 2956 ಸಿಸಿ. ಮಹೀಂದ್ರ ಜೀಪುಗಳಲ್ಲಿ ಬಳಕೆಯಾದ, ಫ್ರಾನ್ಸಿನ ಪ್ಯೂಜೊ ಮೂಲದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ 2112 ಸಿಸಿಯದು. ಹಳೆಯ ವಿಲ್ಲಿಸ್ ವಿನ್ಯಾಸದ ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಕಾರ್ಬ್ಯುರೇಟರ್ ಇದ್ದರೆ, ಡೀಸೆಲ್‌ನಲ್ಲಿ ಅವುಗಳ ಬದಲು ಇಂಜೆಕ್ಷನ್ ಪಂಪ್ ಇರುತ್ತದೆ. ಪತ್ರದಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ಟಿನಡಿ ಡೀಸೆಲ್ ಎಂಜಿನ್ ಕಂಡರೆ ಬೇರೆ ಪರೀಕ್ಷೆಯ ಅಗತ್ಯವೇ ಇಲ್ಲ.

ಮಾದರಿ ಹೊಂದಿದ ಮಾತ್ರಕ್ಕೆ ಅದು ಮೂಲ ಎಂಜಿನ್ನೇ ಎನ್ನಲಾಗದು. ಗುಜರಿಯಿಂದ ತಂದ ಅದೇ ಮಾದರಿಯ ಎಂಜಿನ್ನೂ ಆಗಿರಬಹುದು.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಎಂಜಿನ್ ಬದಲಾವಣೆಗೂ ಅನ್ವಯಿಸುತ್ತದೆ. ಪೂರ್ವಾನುಮತಿಯಿಲ್ಲದೆ ಬದಲಿಸಿದ್ದಲ್ಲಿ ಮಾಲೀಕನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಹೊಸ ಸಂಖ್ಯೆ ಆರ್.ಸಿ.ಯಲ್ಲಿ ದಾಖಲಾದ ಬಳಿಕ, ಎಂಜಿನ್ ಮೂಲದ್ದಲ್ಲದಿದ್ದರೂ ದಾಖಲೆಯು ವಾಹನಕ್ಕೆ ಸರಿಹೊಂದುತ್ತದೆ.